ಅಬ್ಬೆಯಿಂದ ಅವ್ವ, ಅವ್ವನಿಂದ ಬಾಯಿ: ನಮ್ಮ ಭಾಗದ ಹೆಣ್ಣುಮಕ್ಕಳ ಹೆಸರಿನ ಕಥೆ

ಗಡಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಹೆಬ್ಬಾಳ ಕಡೆಯ ಯಾವುದಾದರೂ ದೊಡ್ಡ ಮನೆಯ ಹೆಣ್ಣುಮಕ್ಕಳ ಹೆಸರು ಒಂದು ಹಾಳೆಯ ಮೇಲೆ ಬರೆದು ನೋಡಿರಿ. ಮುತ್ತಜ್ಜಿ ಲಕ್ಕವ್ವ. ಅಜ್ಜಿ ಲಕ್ಷ್ಮೀಬಾಯಿ. ಸೊಸೆ ಸುರೇಖಾ. ಮೊಮ್ಮಗಳು ಅನನ್ಯಾ. ಮನೆ ಒಂದೇ, ದೇವರ ಜಗಲಿ ಒಂದೇ, ಆಡುವ ಮಾತೂ ಬಹುತೇಕ ಒಂದೇ. ಆದರೆ ನಾಲ್ಕು ತಲೆಮಾರಿಗೆ ನಾಲ್ಕು ನಮೂನೆಯ ಹೆಸರು. ಅರಸರ ಇತಿಹಾಸ ಶಾಸನದಲ್ಲಿ ಸಿಗುತ್ತದೆ, ಜನರ ಇತಿಹಾಸ ಹೀಗೆ ಹೆಸರಿನಲ್ಲಿ ಸಿಗುತ್ತದೆ. ಅದನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಕೂಸಿಗೂ ‘ತಾಯಿ’ ಅನ್ನುವ ಭಾಷೆ

ಹೆಣ್ಣಿನ ಹೆಸರಿನ ಕೊನೆಗೆ ತಾಯಿ ಎಂಬ ಅರ್ಥದ ಮಾತು ಹಚ್ಚುವುದು ಕನ್ನಡದ ಬಹಳ ಹಳೆಯ ರೂಢಿ. ಸಾವಿರ ವರ್ಷದ ಹಿಂದೆ ಆ ಮಾತು ‘ಅಬ್ಬೆ’. ರಾಷ್ಟ್ರಕೂಟರ ಕಾಲದಲ್ಲಿ, ಕ್ರಿ.ಶ. 911ರಲ್ಲಿ, ಗಂಡ ತೀರಿಕೊಂಡ ಮೇಲೆ ಬನವಾಸಿ ಸೀಮೆಯ ನಾಗರಖಂಡದ ಆಡಳಿತ ವಹಿಸಿಕೊಂಡವಳ ಹೆಸರು ಜಕ್ಕಿಯಬ್ಬೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಯಾದ ರನ್ನನ ತಾಯಿ ಅಬ್ಬಲಬ್ಬೆ. ಆ ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ತಾಯಿ ಆಕೆ. ಮುದ್ರಣವಿಲ್ಲದ ಕಾಲದಲ್ಲಿ, ಓಲೆಗರಿಯ ಮೇಲೆ, ಸಾವಿರ ಪ್ರತಿ! ಇಂದು ಊರಿಗೊಂದು ವಾಚನಾಲಯ ನಡೆಸಲು ನಾವು ಎಷ್ಟು ಒದ್ದಾಡುತ್ತೇವೆ ಎಂಬುದು ಗೊತ್ತಿದ್ದವರಿಗೆ ಈ ಕೆಲಸದ ತೂಕ ತಿಳಿಯುತ್ತದೆ. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಮಗನ ಹೆಸರು ಚಾವುಂಡರಾಯನ ನೆನಪಿಗೆ, ಮಗಳದು ಈ ತಾಯಿಯ ನೆನಪಿಗೆ. ಉಪಕಾರ ಮಾಡಿದವರ ಹೆಸರನ್ನು ಮಕ್ಕಳಿಗೆ ಇಡುವ ಪದ್ಧತಿ ನಮ್ಮಲ್ಲಿ ಇವತ್ತಿಗೂ ಇದೆ.

ಹನ್ನೆರಡನೆಯ ಶತಮಾನಕ್ಕೆ ಬಂದಾಗ ‘ಅಬ್ಬೆ’ ಸವೆದು ‘ಅವ್ವೆ’ ಆಗಿತ್ತು. ಬಸವಣ್ಣನವರ ಕಾಲದ ವಚನಕಾರ್ತಿಯರ ಪಟ್ಟಿ ನೋಡಿದರೆ ಗೊಗ್ಗವ್ವೆ, ಕಾಳವ್ವೆ, ಸಂಕವ್ವೆ, ಕದಿರ ರೆಮ್ಮವ್ವೆ ಸಿಗುತ್ತಾರೆ. ಕದಿರು ಎಂದರೆ ನೂಲು ತೆಗೆಯುವ ಸಾಧನ. ನೂಲು ತೆಗೆದು ಬದುಕಿದ ಹೆಣ್ಣುಮಗಳು ತನ್ನ ಕಸುಬನ್ನೇ ಹೆಸರಿನ ಮುಂದೆ ಹೊತ್ತುಕೊಂಡಳು. ಇಚಲಕರಂಜಿಯಲ್ಲಿ 1904ರಿಂದ ಪಾವರಲೂಮ್ ಸದ್ದು ಕೇಳುತ್ತಿದೆ. ಆ ಮಗ್ಗದ ಓಣಿಗಳಲ್ಲಿ ಕಾಂಡಿ ಸುತ್ತಿ ಮನೆ ನಡೆಸಿದ ಅವ್ವಂದಿರು ಎಷ್ಟೋ ಮಂದಿ. ರೆಮ್ಮವ್ವೆ ಅವರೆಲ್ಲರ ಹಿರಿಯಕ್ಕ ಎಂದರೆ ತಪ್ಪಾಗದು.

‘ಅವ್ವೆ’ ಕೊನೆಗೆ ‘ಅವ್ವ’ ಆಯಿತು. ಮೈಸೂರ ಕಡೆ ‘ಅಮ್ಮ’ ಹೆಚ್ಚು ನಿಂತಿತು. ನಮ್ಮ ಕಡೆ ‘ಅವ್ವ’ ಗಟ್ಟಿಯಾಗಿ ನೆಲೆಯೂರಿತು. ಬಸವಣ್ಣನವರ ಅಕ್ಕ ನಾಗಲಾಂಬಿಕೆ, ಮಡದಿಯರು ಗಂಗಾಂಬಿಕೆ ಮತ್ತು ನೀಲಾಂಬಿಕೆ. ಈ ಮೂರೂ ಹೆಸರು ನಮ್ಮ ಊರುಗಳಲ್ಲಿ ನಾಗವ್ವ, ಗಂಗವ್ವ, ನೀಲವ್ವ ಆಗಿ ಮನೆಮನೆಯಲ್ಲಿ ಬಾಳಿವೆ. ‘ಅಂಬಿಕೆ’ ಎಂದರೂ ತಾಯಿಯೇ, ‘ಅವ್ವ’ ಎಂದರೂ ತಾಯಿಯೇ. ಬದಲಾದದ್ದು ಮಾತು, ಅರ್ಥವಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಹನ್ನೆರಡು ದಿನದ ಕೂಸನ್ನು ತೊಟ್ಟಿಲಲ್ಲಿ ಹಾಕಿ ‘ಗಂಗವ್ವ’ ಎಂದು ಕರೆದರೆ, ಇನ್ನೂ ಕಣ್ಣು ನಿಲ್ಲದ ಕೂಸನ್ನೂ ತಾಯಿ ಎಂದು ಕರೆದ ಹಾಗಾಯಿತು. ಅಪ್ಪ ಆದವನು ಮಗಳನ್ನು “ಯವ್ವಾ, ಬಾರವಾ ಇಲ್ಲೆ” ಅಂತ ಕರೆಯುವುದು ನಮ್ಮ ಭಾಗದಲ್ಲಿ ಇವತ್ತಿಗೂ ಕೇಳಿಬರುತ್ತದೆ. ಈ ಮರ್ಯಾದೆ ಯಾರೂ ಕಲಿಸಿ ಬಂದದ್ದಲ್ಲ, ಭಾಷೆಯಲ್ಲೇ ಇದ್ದದ್ದು.

ಬಾಯಿ ಬಂದ ಬಗೆ

ಕೊಲ್ಹಾಪುರ ಸೀಮೆಯನ್ನು ಆಳಿದ ಶಿಲಾಹಾರರ ಕಾಲದ ಕನ್ನಡ ಶಾಸನಗಳು ಕೊಲ್ಹಾಪುರದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಸಿಕ್ಕಿವೆ. ಅದೇ ವಂಶದ ಕರಹಾಟದ, ಅಂದರೆ ಇಂದಿನ ಕರಾಡದ, ಶಾಖೆಯ ರಾಜಕುಮಾರಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಣಿಯಾದಳು. ಬಿಲ್ಹಣ ಕವಿ ತನ್ನ ಸಂಸ್ಕೃತ ಕಾವ್ಯದಲ್ಲಿ ಆಕೆಯನ್ನು ಚಂದ್ರಲೇಖಾ ಎಂದು ಕರೆದ. ಕನ್ನಡ ಶಾಸನಗಳಲ್ಲಿ ಆಕೆ ಚಂದಲದೇವಿ. ಕಾವ್ಯಕ್ಕೆ ಒಂದು ಹೆಸರು, ನಾಡಿನ ನಾಲಿಗೆಗೆ ಒಂದು ಹೆಸರು. ಈ ಎರಡು ಹೆಸರಿನ ಬಾಳು ಆಗಿನಿಂದಲೇ ಇದೆ. ಇಂದಿನ ಚಂದವ್ವನೂ ಆ ಸಾಲಿನವಳೇ.

ಮರಾಠರ ರಾಜ್ಯ ಬಂದ ಮೇಲೆ ಗೌರವದ ಮಾತು ಬದಲಾಯಿತು. ಮರಾಠಿಯಲ್ಲಿ ‘ಬಾಈ’ ಎಂದರೆ ಹೆಂಗಸು, ಗೌರವದಿಂದ ಹೇಳಿದರೆ ತಾಯಿ ಅಥವಾ ಒಡತಿ. ಶಿವಾಜಿ ಮಹಾರಾಜರ ತಾಯಿ ಜೀಜಾಬಾಯಿ, ಸೊಸೆ ತಾರಾಬಾಯಿ. ಕೊಲ್ಹಾಪುರದ ಗಾದಿಯ ಮೂಲ ತಾರಾಬಾಯಿಯವರೇ. ಪೇಶ್ವೆ ಬಾಳಾಜಿ ವಿಶ್ವನಾಥರ ಮಗಳು ಅನುಬಾಯಿ ಇಚಲಕರಂಜಿಯ ಘೋರ್ಪಡೆ ಮನೆತನಕ್ಕೆ ಸೊಸೆಯಾಗಿ ಬಂದರು. ವಾಡೆಯಲ್ಲಿ ‘ಬಾಯಿ’, ದೇವಳದಲ್ಲಿ ‘ಅಂಬಾಬಾಯಿ’, ಕಚೇರಿಯ ಕಾಗದದಲ್ಲಿಯೂ ‘ಬಾಯಿ’. ಹೀಗಾಗಿ ಕನ್ನಡ ಮನೆಯ ಗಂಗವ್ವ ಕಾಗದದಲ್ಲಿ ಗಂಗೂಬಾಯಿ ಆದಳು, ಲಕ್ಕವ್ವ ಲಕ್ಷ್ಮೀಬಾಯಿ ಆದಳು.

ಇದನ್ನು ಬರೀ ಒತ್ತಾಯ ಎಂದು ತಿಳಿಯಬಾರದು. ಎರಡೂ ಕಡೆ ಕೊಡುಕೊಳ್ಳುವಿಕೆ ನಡೆದಿದೆ. ಅಕ್ಕ, ಅಣ್ಣ ಎಂಬ ಮಾತುಗಳು ಮರಾಠಿಯಲ್ಲಿ ಮನೆಮಾತಾಗಿವೆ. ಇವು ದಕ್ಷಿಣದ ನುಡಿಗಳಿಂದ ಹೋದವು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ರಾಜರ್ಷಿ ಶಾಹೂ ಮಹಾರಾಜರ ಮಗಳ ಹೆಸರು ರಾಧಾಬಾಯಿ, ಆದರೆ ಜನ ಕರೆದದ್ದು ಅಕ್ಕಾಸಾಹೇಬ ಎಂದು. ಇತ್ತ ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಅಪ್ಪಟ ಕನ್ನಡದ ಗಾಯಕಿಯನ್ನು ಜಗತ್ತು ಗಂಗೂಬಾಯಿ ಹಾನಗಲ್ ಎಂದು ಬಲ್ಲದು. ಅವರ ತಾಯಿ ಅಂಬಾಬಾಯಿ. ಆರಂಭದ ಗ್ರಾಮಫೋನ್ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂದು ಬರೆದಿದ್ದರೂ ಕೊನೆಗೆ ಉಳಿದದ್ದು ಗಂಗೂಬಾಯಿಯೇ.

ಇತಿಹಾಸದಲ್ಲಿ ಈ ‘ಅಮ್ಮ’ನೂ ‘ಬಾಯಿ’ಯೂ ಒಂದೊಮ್ಮೆ ಒಬ್ಬರಿಗೊಬ್ಬರು ಆಸರೆಯಾಗಿದ್ದಾರೆ. 1689ರಲ್ಲಿ ಮೊಗಲರ ಸೈನ್ಯ ಬೆನ್ನು ಹತ್ತಿದಾಗ ಜಿಂಜಿಯ ಕಡೆ ಹೊರಟಿದ್ದ ರಾಜಾರಾಮ ಮಹಾರಾಜರಿಗೆ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಆ ರಾಜಾರಾಮರ ಮಡದಿ ತಾರಾಬಾಯಿ. ಒಬ್ಬಳು ಕಾಯದಿದ್ದರೆ ಇನ್ನೊಬ್ಬಳ ಕಥೆ ಬೇರೆಯಾಗುತ್ತಿತ್ತು. ಶಾಲೆಯಲ್ಲಿ ಈ ಎರಡು ಪಾಠವನ್ನು ಬೇರೆಬೇರೆಯಾಗಿ ಕಲಿಸುತ್ತೇವೆ. ಒಟ್ಟಿಗೆ ಕಲಿಸಿದರೆ ನಮ್ಮ ಗಡಿಭಾಗದ ಮಕ್ಕಳಿಗೆ ಹೆಚ್ಚು ಮನದಟ್ಟಾಗುತ್ತದೆ.

ಸವೆದ ಹೆಸರು, ಸವೆಯದ ಅರ್ಥ

ಹಳ್ಳಿಯ ಹೆಸರು ಕೇಳಿ ನಗುವವರು ಇದ್ದಾರೆ. “ಸತ್ತೆವ್ವ ಅಂದರ ಏನ್ರಿ, ಅದೇನು ಹೆಸರ?” ಅಂತಾರೆ. ಸತ್ತೆವ್ವ ಎಂದರೆ ಸತ್ಯವ್ವ. ಸಂಸ್ಕೃತದ ಮಾತು ಕನ್ನಡದ ಬಾಯಿಗೆ ಬಂದಾಗ ತನ್ನ ಮೂಲೆಗಳನ್ನು ಕಳಕೊಂಡು ದುಂಡಗಾಗುತ್ತದೆ. ವ್ಯಾಕರಣದಲ್ಲಿ ಇದಕ್ಕೆ ತದ್ಭವ ಎನ್ನುತ್ತಾರೆ. ಲಕ್ಷ್ಮಿ ಲಕ್ಕಿಯಾಗಿ ಲಕ್ಕವ್ವ. ಯಕ್ಷಿ ಜಕ್ಕಿಯಾಗಿ ಜಕ್ಕವ್ವ. ನಾಗರಖಂಡ ಆಳಿದ ಜಕ್ಕಿಯಬ್ಬೆಯ ಹೆಸರೇ ಇದು. ವೀರವ್ವ ಈರವ್ವ. ರುಕ್ಮಿಣಿ ರುಕಮವ್ವ, ಮರಾಠಿಯಲ್ಲಿ ರಖಮಾಬಾಯಿ. ಚೆನ್ನವ್ವ ಮಾತ್ರ ಅಚ್ಚಗನ್ನಡ, ಚೆನ್ನು ಎಂದರೆ ಚೆಲುವು. ಕಿತ್ತೂರಿನ ರಾಣಿ ಆ ಹೆಸರಿಗೆ 1824ರಲ್ಲಿ ಕತ್ತಿಯ ಅರ್ಥವನ್ನೂ ಕೂಡಿಸಿದಳು.

ಮಕ್ಕಳಿಗೆ ವ್ಯಾಕರಣ ಕಲಿಸುವಾಗ ತದ್ಭವದ ಉದಾಹರಣೆಗೆ ಪುಸ್ತಕ ಹುಡುಕಬೇಕಾಗಿಲ್ಲ. ಅವರವರ ಅಜ್ಜಿಯ ಹೆಸರು ಬರೆದುಕೊಂಡು ಬನ್ನಿ ಎಂದರೆ ಸಾಕು, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಇನ್ನು ಎಷ್ಟೋ ಹೆಸರು ಯಾತ್ರೆಯ ದಾರಿಯಲ್ಲಿ ಬಂದವು. ಸವದತ್ತಿಯ ಗುಡ್ಡಕ್ಕೆ ಕೊಲ್ಹಾಪುರ ಭಾಗದಿಂದ ಪ್ರತಿವರ್ಷ ದೊಡ್ಡ ಸಂಖ್ಯೆಯಲ್ಲಿ ಜನ ಹೋಗುತ್ತಾರೆ. ಅಲ್ಲಿಂದ ಯಲ್ಲವ್ವ, ರೇಣುಕಾ. ರಾಯಬಾಗ ತಾಲೂಕಿನ ಚಿಂಚಲಿಯಿಂದ ಮಾಯಕ್ಕ, ಮಾಯವ್ವ. ನೇಕಾರ ದೇವಾಂಗರ ಕುಲದೇವಿ ಚೌಡೇಶ್ವರಿಯಿಂದ ಚೌಡವ್ವ, ಬಾದಾಮಿಯ ಬನಶಂಕರಿಯಿಂದ ಬನವ್ವ, ಶಂಕ್ರವ್ವ. ಹೊಳೆಗಳ ಹೆಸರೂ ಇವೆ. ಕೃಷ್ಣಾಬಾಯಿ, ಗಂಗವ್ವ, ಭಾಗೀರಥಿ. ಪಂಚಗಂಗೆಯ ಐದು ಹೊಳೆಗಳಲ್ಲಿ ತುಳಸಿ ಒಂದು, ಸರಸ್ವತಿ ಒಂದು. ಎರಡೂ ನಮ್ಮ ಹೆಣ್ಣುಮಕ್ಕಳ ಹೆಸರೇ.

ನಮ್ಮ ಜೈನ ಮನೆಗಳಲ್ಲಿ ಮಹಾವೀರರ ತಾಯಿ ತ್ರಿಶಲಾ, ಪಾರ್ಶ್ವನಾಥರ ಯಕ್ಷಿ ಪದ್ಮಾವತಿ ಹೆಸರುಗಳು ರೂಢಿ. ಜೈನ ಪುರಾಣದ ಒಂದು ಕಥೆಯನ್ನು ಇಲ್ಲಿ ಹೇಳಲೇಬೇಕು. ಆದಿನಾಥನಿಗೆ ಬ್ರಾಹ್ಮಿ, ಸುಂದರಿ ಎಂಬ ಇಬ್ಬರು ಹೆಣ್ಣುಮಕ್ಕಳು. ಒಬ್ಬಳಿಗೆ ಅಕ್ಷರ ಕಲಿಸಿದ, ಇನ್ನೊಬ್ಬಳಿಗೆ ಅಂಕಿ ಕಲಿಸಿದ. ಪಂಪನೂ ಆದಿಪುರಾಣದಲ್ಲಿ ಈ ಕಥೆ ತಂದಿದ್ದಾನೆ. ಲೋಕದ ಮೊದಲ ಶಾಲೆಯಲ್ಲಿ ಕೂತವರು ಹೆಣ್ಣುಮಕ್ಕಳು ಎಂದು ನಂಬಿದ ಪರಂಪರೆ ನಮ್ಮ ಓಣಿಯಲ್ಲಿಯೇ ಇದೆ. ಮುಸಲ್ಮಾನರ ಮನೆಗಳಲ್ಲಿ ಪೈಗಂಬರರ ಮಗಳ ಹೆಸರಿನ ಫಾತಿಮಾ, ತಾಯಿಯ ಹೆಸರಿನ ಅಮೀನಾ ಇದ್ದಾರೆ. ಅಲ್ಲಿಯೂ ಕೊನೆಗೆ ಗೌರವದ ‘ಬಿ’ ಬರುತ್ತದೆ: ಫಾತಿಮಾಬಿ, ಅಮೀನಾಬಿ. ವಿಜಾಪುರದ ಆಡಳಿತ ನೋಡಿ, ಅಹಮದನಗರದ ಕೋಟೆ ಕಾಯ್ದ ಚಾಂದಬೀಬಿಯದೂ ಅದೇ ಗೌರವದ ಮಾತು. ಅವ್ವ, ಬಾಯಿ, ಬಿ: ಮೂರು ಭಾಷೆ, ಒಂದೇ ನಡವಳಿಕೆ.

ಸಾಕವ್ವ ಮತ್ತು ನಕುಶಾ

ಎಲ್ಲ ಹೆಸರೂ ಪ್ರೀತಿಯಿಂದ ಇಟ್ಟದ್ದಲ್ಲ. ಈ ಮಾತನ್ನು ಮುಚ್ಚಿಡಬಾರದು.

ಮೊದಲು ಭಯದಿಂದ ಇಟ್ಟ ಹೆಸರು ನೋಡೋಣ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಬೇಕೆಂದೇ ಕೀಳು ಹೆಸರು ಇಡುತ್ತಿದ್ದರು. ತಿಪ್ಪೆಯ ಹೆಸರಿನ ತಿಪ್ಪವ್ವ, ಕಲ್ಲಿನ ಹೆಸರಿನ ಮರಾಠಿಯ ಧೋಂಡೂಬಾಯಿ, ದಗಡೂಬಾಯಿ, ಕಸದ ಹೆಸರಿನ ಕೇರಾಬಾಯಿ. ಹೆಸರು ಕೇಳಿ ಮೃತ್ಯು ಅಸಹ್ಯಪಟ್ಟು ಬಿಟ್ಟುಹೋಗಲಿ, ಕಲ್ಲಿನಂತೆ ಗಟ್ಟಿಯಾಗಿ ಬದುಕಲಿ ಎಂಬ ಆಸೆ. ಸಿಡುಬು, ಪ್ಲೇಗುಗಳ ಕಾಲದ ತಾಯಿಯ ಬಳಿ ಔಷಧ ಇರಲಿಲ್ಲ, ಹೆಸರೊಂದೇ ಇತ್ತು. ತಿಪ್ಪಣ್ಣ, ಧೋಂಡಿಬಾ ಎಂದು ಗಂಡುಮಕ್ಕಳಿಗೂ ಹೀಗೆಯೇ ಇಟ್ಟಿದ್ದಾರೆ. ಈ ಹೆಸರು ಹೊತ್ತವರು ನಾಚಿಕೊಳ್ಳಬೇಕಾಗಿಲ್ಲ. ಅವರು ಬೇಡವಾದವರಲ್ಲ, ಬಹಳ ಬೇಕಾದವರು.

ಎರಡನೆಯ ಬಗೆ ಬೇರೆ. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದಾಗ “ಇನ್ನು ಹೆಣ್ಣು ಸಾಕು” ಎಂದು ದೇವರಿಗೆ ಹೇಳಿದ ಹಾಗೆ ಸಾಕವ್ವ ಎಂದು ಇಟ್ಟರು. ಮರಾಠಿಯಲ್ಲಿ ಇದನ್ನೇ ಇನ್ನೂ ಬಿಚ್ಚಿ ನಕುಶಾ, ನಕೋಶಿ ಎಂದರು, ಅಂದರೆ ಬೇಡವಾದವಳು. ನಮ್ಮ ಪಕ್ಕದ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿನ ಹುಡುಗಿಯರನ್ನು ಹುಡುಕಿ, 2011ರ ಅಕ್ಟೋಬರ್ 22ರಂದು 285 ಮಂದಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಹಾಜರಿ ಕೂಗುವಾಗ ದಿನಾಲೂ ಇಡೀ ವರ್ಗದ ಮುಂದೆ ‘ಬೇಡವಾದವಳು’ ಎಂದು ಕರೆಸಿಕೊಂಡು “ಹಾಜರ್” ಎನ್ನಬೇಕಾದ ಹುಡುಗಿಯ ಮನಸ್ಸು ಹೇಗಿದ್ದೀತು ಎಂಬುದನ್ನು ಶಿಕ್ಷಕರು ಬಲ್ಲರು.

ಹೆಸರು ಬದಲಿಸಿದರೆ ಮನಸ್ಸು ಬದಲಾಯಿತೇ ಎಂಬುದು ಮುಂದಿನ ಪ್ರಶ್ನೆ. 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 839 ಹೆಣ್ಣು ಮಾತ್ರ ಇದ್ದರು. ಲಿಂಗ ಪತ್ತೆ ನಿಷೇಧಿಸಿ 1994ರಲ್ಲೇ ಕಾಯಿದೆ ಬಂದಿತ್ತು. ಹಿಂದಿನವರು ಬೇಡವೆನಿಸಿದ ಮಗಳಿಗೆ ಸಾಕವ್ವ ಎಂದಾದರೂ ಹೆಸರಿಟ್ಟು ತುತ್ತು ಹಾಕಿ ಬೆಳೆಸಿದರು. ಓದಿದ ಕಾಲದವರು ಹೆಸರಿಡುವ ತನಕವೂ ಬರಗೊಡಲಿಲ್ಲ. ಯಾರು ಹೆಚ್ಚು ನಿರ್ದಯರು ಎಂಬುದನ್ನು ಓದುಗರೇ ತೂಗಿ ನೋಡಲಿ.

ಆದರೆ ಕನ್ನಡ ಭಾಷೆ ಸಾಕವ್ವನಿಗೆ ಒಂದು ಉಪಕಾರ ಮಾಡಿದೆ. ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಒಂದು, ಇನ್ನು ಬೇಡ. ಇನ್ನೊಂದು, ಸಲಹು, ಪೋಷಿಸು. ಸಾಕಿ ಸಲಹಿದ ತಾಯಿ ಅನ್ನುತ್ತೇವಲ್ಲ, ಆ ಸಾಕು. ಮನೆಯಲ್ಲಿ ಬೇಡವೆಂದ ಎಷ್ಟೋ ಸಾಕವ್ವಂದಿರು ಮುಂದೆ ಮುಪ್ಪಿನ ತಂದೆತಾಯಿಗಳನ್ನು, ತಮ್ಮಂದಿರ ಮಕ್ಕಳನ್ನು ಸಾಕಿದ್ದಾರೆ. ಹೆಸರಿಟ್ಟವರು ಒಂದು ಅರ್ಥದಲ್ಲಿ ಇಟ್ಟರು, ಹೊತ್ತವರು ಇನ್ನೊಂದು ಅರ್ಥದಲ್ಲಿ ಬಾಳಿದರು.

ಅತ್ತೆ ಇಟ್ಟ ಹೆಸರು, ಕಾಗದದ ಹೆಸರು

ತೊಟ್ಟಿಲ ಕಾರ್ಯದಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕ ಅಥವಾ ತಂಗಿಯದು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳುತ್ತಾಳೆ, ಕೂಡಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಗುಗ್ಗರಿ ಹಂಚುತ್ತಾರೆ. ಮರಾಠಿ ಮನೆಯ ‘ಬಾರಸಾ’ದಲ್ಲಿಯೂ ಇದೇ ಆಟ, ಇದೇ ‘ಘುಗರ್ಯಾ’. ಕೊಟ್ಟ ಮನೆಗೆ ಹೋದ ಮಗಳಿಗೆ ತವರಿನ ಕೂಸಿನ ಮೇಲೆ ಉಳಿದ ಒಂದು ಅಧಿಕಾರ ಇದು.

ಹಾಗೆ ಇಟ್ಟ ಹೆಸರು ಮದುವೆಯಲ್ಲಿ ಅಳಿಯುತ್ತಿತ್ತು ಎಂಬುದು ವಿಚಿತ್ರ. ಅನೇಕ ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವ ಪದ್ಧತಿ ಇದೆ. ತವರಿನ ಗಂಗವ್ವ ಗಂಡನ ಮನೆಯಲ್ಲಿ ಸುನಂದಾ ಆಗುತ್ತಾಳೆ. ಅಕ್ಕಿಯ ಮೇಲೆ ಬರೆದದ್ದು ಒಂದು ಗಳಿಗೆಯಲ್ಲಿ ಅಳಿಯುತ್ತದೆ. ಆದರೆ ಅದರ ತೊಂದರೆ ಐವತ್ತು ವರ್ಷ ಉಳಿಯುತ್ತದೆ.

ಮಹಾರಾಷ್ಟ್ರದಲ್ಲಿ 1994ರ ತಿದ್ದುಪಡಿಯಿಂದ, ಇಡೀ ದೇಶದಲ್ಲಿ 2005ರ ತಿದ್ದುಪಡಿಯಿಂದ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. ಸಾತಬಾರಾ ಉತಾರದ ಮೇಲೆ ಹೆಸರು ಹಚ್ಚಲು ಹೋದರೆ ಶಾಲೆಯ ದಾಖಲೆಯಲ್ಲಿ ಗಂಗೂಬಾಯಿ, ಊರಲ್ಲಿ ಗಂಗವ್ವ, ರೇಶನ್ ಕಾರ್ಡಿನಲ್ಲಿ ಸುನಂದಾ. ಮೂವರೂ ಒಬ್ಬಳೇ ಎಂದು ಆಕೆಯೇ ಸಾಬೀತು ಮಾಡಬೇಕು. ಪ್ರತಿಜ್ಞಾಪತ್ರ, ಗೆಜೆಟ್, ಸಾಕ್ಷಿ ಎಂದು ತಿರುಗಿ ತಿರುಗಿ ಸಾಕಾಗಿ “ಹೋಗ್ಲಿ ಬಿಡ್ರಿ, ಅಣ್ಣಂಗ ಇರಲಿ” ಅಂತ ಕೈಬಿಟ್ಟವರು ಇದ್ದಾರೆ. ಹೆಸರು ಎಂಬುದು ಅರ್ಥದ ಪ್ರಶ್ನೆ ಮಾತ್ರವಲ್ಲ, ಹೊಲದ ಪ್ರಶ್ನೆಯೂ ಹೌದು.

ಹೀಗಾಗಿ ಕೆಲವು ಸಂಗತಿ ನೆನಪಿನಲ್ಲಿ ಇರಬೇಕು. ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ 15 ವರ್ಷದ ತನಕ ಶುಲ್ಕ ತುಂಬಿ ಸೇರಿಸಬಹುದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯ ಪ್ರವೇಶ ಮೊದಲಾದ ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಕನ್ನಡದ ಹೆಸರು ದೇವನಾಗರಿಯಲ್ಲಿ ಬರೆಯುವಾಗ ‘ಅವ್ವ’ ಹೋಗಿ ‘ಬಾಯಿ’ ಆಯಿತೇ, ‘ಈರವ್ವ’ ಹೋಗಿ ‘ಇರಾವತಿ’ ಆಯಿತೇ ಎಂದು ಅಲ್ಲೇ ನಿಂತು ಓದಿಸಿಕೊಂಡು ಬರಬೇಕು. ಆ ಐದು ನಿಮಿಷ ಮುಂದೆ ಐದು ವರ್ಷದ ತಿರುಗಾಟ ತಪ್ಪಿಸುತ್ತದೆ.

ಹೊಸ ಹೆಸರು, ಹಳೆಯ ಸಾಲ

ಸಿನಿಮಾ ಬಂದ ಮೇಲೆ ಹೆಸರಿನ ಗಾಳಿ ಬದಲಾಯಿತು. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ಕೊಲ್ಹಾಪುರದಲ್ಲಿ. ಚಿಕ್ಕೋಡಿ ತಾಲೂಕಿನ ಖಡಕಲಾಟದಲ್ಲಿ ಹುಟ್ಟಿದ ಹುಡುಗಿಗೆ ಭಾಲಜಿ ಪೆಂಢಾರಕರರು ಸುಲೋಚನಾ, ಅಂದರೆ ಚೆಲುವ ಕಣ್ಣಿನವಳು, ಎಂದು ಹೆಸರಿಟ್ಟರು. ಹಿಂದಿ, ಮರಾಠಿ ಚಿತ್ರಗಳ ತಾಯಿಯಾಗಿ ಅವರು ಮನೆಮಾತಾದರು. ಇಂಥ ಕಾಲದಲ್ಲಿಯೇ ಸುಲೋಚನಾ, ಸುರೇಖಾ, ಜಯಶ್ರೀ ನಮ್ಮ ಶಾಲೆಗಳಿಗೆ ಬಂದರು. ಅವ್ವ, ಬಾಯಿ ಎರಡೂ ಉದುರಿದವು. ಈಗ ಆರೋಹಿ, ಅನನ್ಯಾ, ಶ್ರೀನಿಧಿ. ಇವೂ ಒಳ್ಳೆಯ ಹೆಸರೇ. ಆರೋಹಿ ಎಂದರೆ ಮೇಲೇರುವವಳು, ಅನನ್ಯಾ ಎಂದರೆ ತನಗೆ ಸಾಟಿಯಿಲ್ಲದವಳು, ಶ್ರೀನಿಧಿ ಸಂಪತ್ತಿನ ಭಂಡಾರ. ಲಕ್ಕವ್ವನೂ ಸಂಪತ್ತಿನ ತಾಯಿಯೇ ಆಗಿದ್ದಳು ಎಂಬುದನ್ನು ಮರೆಯದಿದ್ದರೆ ಆಯಿತು.

ಎಲ್ಲರೂ ಮತ್ತೆ ಜಕ್ಕವ್ವ, ಸತ್ತೆವ್ವ ಎಂದೇ ಇಡಬೇಕು ಎಂಬ ಹಟ ಈ ಲೇಖನದ್ದಲ್ಲ. ಕಾಲಕ್ಕೆ ತಕ್ಕ ಹೆಸರು ಪ್ರತಿ ತಲೆಮಾರಿನ ಹಕ್ಕು. ಆದರೆ ಅಜ್ಜಿಯ ಹೆಸರು ಅವಳ ಜೊತೆಗೇ ಸುಡುಗಾಡಿಗೆ ಹೋಗಬಾರದು. ಗಂಡುಮಕ್ಕಳ ವಂಶಾವಳಿ ಏಳು ತಲೆಮಾರು ಹೇಳುವ ನಮ್ಮಲ್ಲಿ, ತಾಯಿಯ ತಾಯಿಯ ತಾಯಿಯ ಹೆಸರು ಹೇಳಬಲ್ಲವರು ಎಷ್ಟು ಮಂದಿ?

ಮಹಾರಾಷ್ಟ್ರ ಸರಕಾರದ ಒಂದು ನಿರ್ಣಯ ಇಲ್ಲಿ ನಮ್ಮ ನೆರವಿಗೆ ಬಂದಿದೆ. 2024ರ ಮೇ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳ ಸರಕಾರಿ ಕಾಗದಗಳಲ್ಲಿ ಮೊದಲು ಮಗುವಿನ ಹೆಸರು, ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆಯಬೇಕು. ಸಾವಿರ ವರ್ಷದ ಹಿಂದೆ ಅಬ್ಬೆ ಎಂದು ಹೆಸರಿನ ಬಾಲದಲ್ಲಿ ನಿಂತಿದ್ದ ತಾಯಿ ಈಗ ಸ್ವಂತ ಹೆಸರಿನೊಂದಿಗೆ ನಡುವೆ ಬಂದು ನಿಂತಿದ್ದಾಳೆ.

ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ. ಈ ವರ್ಷ ಪ್ರತಿ ಮಗುವಿನಿಂದ ತಾಯಿ, ಅಜ್ಜಿ, ಮುತ್ತಜ್ಜಿಯರ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಸಿರಿ. ಆ ಹೆಸರು ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕೇಳಿಕೊಂಡು ಬರಲು ಹೇಳಿರಿ. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ನಮ್ಮ ವಾಚನಾಲಯಕ್ಕೆ ಕೊಟ್ಟರೆ, ಊರಿನ ಹೆಣ್ಣುಮಕ್ಕಳ ಮೊದಲ ಇತಿಹಾಸ ಪುಸ್ತಕ ಅದೇ ಆಗುತ್ತದೆ. ಹೇಳಬಲ್ಲ ಅಜ್ಜಿಯರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ಕೇಳುವ ಕೆಲಸ ಮಾತ್ರ ಬೇಗ ಆಗಬೇಕು.